ಕುಲವಾಡಿ ಹೊತ್ತ ಮಣ್ಣು

ಅಂಕಮ್ಮನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಜರಗನಹಳ್ಳಿಯಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಲಿ. ಆ ದಿನ ನನ್ನ ಜಾಗದಲ್ಲಿ ನಿಂತು ತಿಮ್ಮರಾಯಪ್ಪನ ಮೂಲಮನೆಯನ್ನು ನೋಡಿದ್ದರೆ ಅವರಿಗೂ ಬರುತ್ತಿತ್ತು. ಬರದೇ ಇದ್ದವರ ಮೈಯಲ್ಲಿ ರಕ್ತದ ಬದಲು ನೀರುಮಜ್ಜಿಗೆ ಹರಿಯುತ್ತಿದೆ ಅಂತಲೇ ನಾನು ಹೇಳುವುದು.

ತಿಮ್ಮರಾಯಪ್ಪ ನಮ್ಮೂರ ಗೌಡ. ಎದುರಿಗೆ ಸಿಕ್ಕರೆ ನಾನೂ 'ಗೌಡ್ರೆ' ಅನ್ನುತ್ತೇನೆ, ಆದರೆ ಇಲ್ಲಿ ಅವನಿಗೆ ಬಹುವಚನ ಕೊಡುವ ಮನಸ್ಸಿಲ್ಲ. ಅವನ ಹೊಲಗಳಲ್ಲೆಲ್ಲ ಜೆ.ಪಿ. ನಗರದ ಸೈಟಿನ ಕಲ್ಲು ನೆಟ್ಟಾಗಿತ್ತು. ಉಳಿದ ಜಾಗದಲ್ಲಿ ವಠಾರ ಕಟ್ಟಿಸಿ ಬಾಡಿಗೆಗೆ ಬಿಟ್ಟು, ಕನಕಪುರ ರಸ್ತೆಯಲ್ಲಿ ಸಿಮೆಂಟ್ ಅಂಗಡಿ ಇಟ್ಟು ಚೆನ್ನಾಗಿಯೇ ಇದ್ದ. ಊರ ಹಿಂದೆ ಅವರ ಮುತ್ತಾತನ ಕಾಲದ ತೋಟದ ಮನೆಯೊಂದಿತ್ತು. ಹೆಂಚು ಕುಸಿದು, ಗೋಡೆ ಬಿರುಕು ಬಿಟ್ಟು, ಎಮ್ಮೆ ಕಟ್ಟುವುದಕ್ಕಷ್ಟೇ ಆಗುತ್ತಿತ್ತು. ಎಂಬತ್ನಾಲ್ಕನೇ ಇಸವಿಯಲ್ಲಿ ಲೇಔಟಿನವರು ಆ ತೋಟವನ್ನೂ ಅಳೆಯಲು ಬರುತ್ತಾರೆ ಅನ್ನುವ ಸುದ್ದಿ ಬಂದದ್ದೇ ತಡ, ಎಮ್ಮೆ ಹೊರಗೆ ಹೋಯಿತು, ಗೋಡೆಗೆ ಸುಣ್ಣ ಬಿತ್ತು, ಬಾಗಿಲ ಮೇಲೆ 'ಮೂಲಮನೆ' ಅಂತ ಬೋರ್ಡು ಬಂತು.

ಇದಕ್ಕೆಲ್ಲ ಬೆನ್ನಿಗೆ ನಿಂತವರು ಜಯನಗರದ ಸೀತಾಲಕ್ಷ್ಮಿ ಮೇಡಂ. ಹಳೇ ಮನೆ, ಹಳೇ ಪಾತ್ರೆ ಅಂದರೆ ಪ್ರಾಣ ಬಿಡುವವರು. ಕಮಿಟಿ ಮಾಡಿಕೊಂಡು ಬಂದು, ಇದು ಚರಿತ್ರೆ, ಇದನ್ನು ಕೆಡವಬಾರದು ಅಂದರು. ಅಳೆಯುವ ಆಫೀಸರೂ ಒಪ್ಪಿದರು. ಮನೆಯ ಗಡಿ ಎಲ್ಲಿಯವರೆಗೆ ಅಂತ ಊರವರು ಹೇಳುತ್ತಾರೋ ಅಷ್ಟು ಜಾಗ ಮೂಲಮನೆಗೆ ಉಳಿಯಲಿ, ಸುತ್ತ ಕಾಂಪೌಂಡ್ ಹಾಕಿಕೊಳ್ಳಿ ಅಂದರು.

ಆ ಮನೆಯ ಹಿತ್ತಲು ದಾಟಿದರೆ ಒಂದು ಹೊಂಗೆ ಮರ. ಮರದಿಂದಾಚೆಗೆ ನಮ್ಮ ಕೇರಿಯವರು ಸತ್ತವರನ್ನು ಮಣ್ಣು ಮಾಡುವ ಜಾಗ. ಅದಕ್ಕೆ ಪತ್ರ ಇಲ್ಲ, ಪಹಣಿ ಇಲ್ಲ. ಅದು ನಮ್ಮದು ಅಂತ ಊರಿಗೆಲ್ಲ ಗೊತ್ತು, ಅಷ್ಟೇ. ನನ್ನ ಅತ್ತೆ ಮಾವ ಅಲ್ಲಿದ್ದಾರೆ. ನನ್ನ ಮೊದಲ ಮಗಳು ಯಲ್ಲಿಯೂ ಅಲ್ಲೇ ಇದ್ದಾಳೆ. ಇನ್ನೂ ಅಂಬೆಗಾಲಿಡುತ್ತಿದ್ದಾಗ ದಡಾರ ಬಂದು ಹೋದಳು. ಜಯನಗರ ಕಾಂಪ್ಲೆಕ್ಸಿನ ಹತ್ತಿರ ಸೊಪ್ಪು ಮಾರಿ ಬರುವಾಗ ನಾನು ಬಸ್ಸಿಳಿದು ಅದೇ ದಾರಿಯಲ್ಲಿ ನಡೆದು ಬರುತ್ತಿದ್ದೆ. ಒಂದು ಗಳಿಗೆ ಅಲ್ಲಿ ನಿಂತು ಮನೆಗೆ ಹೋಗುತ್ತಿದ್ದೆ.

ನನ್ನ ಗಂಡ ಮಾರಯ್ಯ ಊರ ಕುಲವಾಡಿ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಈಗಿನವರಿಗೆ ಗೊತ್ತಿಲ್ಲ. ಎರಡು ಊರಿನ ನಡುವೆಯೋ ಎರಡು ಹೊಲದ ನಡುವೆಯೋ ಗಡಿ ಜಗಳ ಬಂದು, ಯಾರ ಪಂಚಾಯ್ತಿಗೂ ಬಗೆಹರಿಯದೇ ಹೋದರೆ ಕೊನೆಗೆ ಕುಲವಾಡಿಯನ್ನು ಕರೆಯುತ್ತಿದ್ದರು. ಅವನು ಉಪವಾಸವಿದ್ದು, ತಲೆಗೆ ನೀರು ಹುಯ್ದುಕೊಂಡು, ಕಂಬಳಿ ಹೊದ್ದು, ಅದೇ ನೆಲದ ಹಸಿ ಮಣ್ಣನ್ನು ಉಂಡೆ ಕಟ್ಟಿ ತಲೆಯ ಮೇಲಿಟ್ಟುಕೊಂಡು ನಡೆಯಬೇಕು. ಅವನು ನಡೆದದ್ದೇ ಗಡಿ, ಆಮೇಲೆ ಯಾರೂ ಮಾತೆತ್ತುವ ಹಾಗಿಲ್ಲ. ಸುಳ್ಳು ನಡೆದರೆ ಉಂಡೆ ಒಡೆಯುತ್ತದೆ, ಹೊತ್ತವನ ವಂಶ ನಿರ್ವಂಶವಾಗುತ್ತದೆ. ಮಣ್ಣು ಹೊತ್ತವನನ್ನು ದಾರಿಯಲ್ಲಿ ತಡೆಯುವಂತಿಲ್ಲ, ಮಾತಾಡಿಸುವಂತಿಲ್ಲ, ಮುಟ್ಟುವಂತಿಲ್ಲ. ಬೇರೆ ದಿನ ಜಗಲಿ ಹತ್ತಗೊಡದ ಗೌಡರು ಆ ಒಂದು ದಿನ ಚಪ್ಪಲಿ ಬಿಟ್ಟು ನಮ್ಮವನ ಹಿಂದೆ ನಡೆಯುತ್ತಿದ್ದರು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಇವನು ಒಂದು ಸಲ ಹೊತ್ತಿದ್ದ. ಆಮೇಲೆ ಕೋರ್ಟು, ಸರ್ವೆ ಅಂತ ಬಂದು ಕುಲವಾಡಿಯನ್ನು ಯಾರೂ ಕೇಳಲಿಲ್ಲ. ಇವನು ಪಾರ್ಕಿನಲ್ಲಿ ಮಾಲಿ ಕೆಲಸಕ್ಕೆ ಸೇರಿದ.

ಹೀಗಿರುವಾಗ ಒಂದು ಬೆಳಿಗ್ಗೆ ತಿಮ್ಮರಾಯಪ್ಪ ನಮ್ಮ ಕೇರಿಗೇ ಬಂದ. ಹುಟ್ಟಿದಾಗಿನಿಂದ ಅವನು ನಮ್ಮ ಬಾಗಿಲಿಗೆ ಬಂದದ್ದು ಅದೇ ಮೊದಲು.

"ಮಾರಯ್ಯನೋರೇ, ಇದೀರಾ?" ಅಂದ.

ನಾನು ಒಲೆ ಮುಂದೆ ಕೂತವಳು ಎದ್ದು ನಿಂತೆ. ನಿನ್ನೆಯವರೆಗೆ 'ಲೇ ಮಾರಾ' ಅನ್ನುತ್ತಿದ್ದ ಬಾಯಿ.

"ಭಾನುವಾರ ಮೂಲಮನೆ ಓಪನಿಂಗು. ಪೇಟೆಯಿಂದ ದೊಡ್ಡ ದೊಡ್ಡೋರು ಬರ್ತಾರೆ. ನಮ್ಮ ಹಳೇ ಪದ್ಧತಿಯೆಲ್ಲ ತೋರಿಸ್ಬೇಕು ಅಂತ ಮೇಡಂ ಆಸೆ. ನೀವು ಕಂಬಳಿ ಹೊದ್ದು, ಮಣ್ಣು ಹೊತ್ಕಂಡು ಒಂದು ಸುತ್ತು ಬರ್ಬೇಕು. ಸುಮ್ನೆ ಆಟಕ್ಕೆ. ಫೋಟೋ ತೆಗೀತಾರೆ."

"ಮಣ್ಣು ಹೊರೋದು ಆಟ ಅಲ್ಲ ಗೌಡ್ರೆ," ಅಂದೆ ನಾನು.

"ನಿನ್ನ ಕೇಳಿದ್ನಾ ಅಂಕಮ್ಮಾ?" ಅಂತ ನಕ್ಕ.

ನನ್ನ ಗಂಡನ ಮುಖ ನೋಡಬೇಕಿತ್ತು. ಅರಳಿಬಿಟ್ಟಿತ್ತು, ಆಗಲಿ ಗೌಡ್ರೆ ಅಂದೇಬಿಟ್ಟ. ಗೌಡ ಹೋದ ಮೇಲೆ ನಾನು ಬೈದೆ. "ಅಯ್ಯೋ ನಿನ್ ಮನೆ ಕಾಯೋಗ, ಕರೆದ ತಕ್ಷಣ ಬಾಲ ಅಲ್ಲಾಡಿಸ್ಕೊಂಡು ಒಪ್ಕಂಡ್ಯಲ್ಲ" ಅಂದೆ.

"ಇರ್ಲಿ ಬಿಡೇ. ನಮ್ಮಪ್ಪ ಹೊತ್ತಿದ್ದು, ನಾನು ಹೊತ್ತಿದ್ದು ಯಾರಿಗೆ ನೆನಪೈತೆ? ಒಂದು ದಿನ ನಾಲ್ಕು ಜನ ನೋಡ್ಲಿ," ಅಂದ.

ಭಾನುವಾರ ಕೇರಿಯ ಕೆಲವರ ಜೊತೆ ಹೋದೆವು. ಕಾರುಗಳು ಕನಕಪುರ ರಸ್ತೆಯವರೆಗೂ ನಿಂತಿದ್ದವು. ಮನೆಯ ಪಕ್ಕದಲ್ಲಿ ಶಾಮಿಯಾನ ಹಾಕಿ ಮುಂದಿನ ಸಾಲಿನಲ್ಲಿ ಆಫೀಸರನ್ನೂ, ನಮ್ಮೂರು ಮತ್ತು ಅಕ್ಕಪಕ್ಕದ ಊರುಗಳ ಯಜಮಾನರನ್ನೂ ಕೂರಿಸಿದ್ದರು. ತಿಮ್ಮರಾಯಪ್ಪನ ತಾಯಿ ಸೊಣ್ಣಮ್ಮ, ಹಣ್ಣು ಹಣ್ಣು ಮುದುಕಿ, ಒಂದು ಬೆತ್ತದ ಕುರ್ಚಿಯಲ್ಲಿ ಮೊಮ್ಮಕ್ಕಳನ್ನು ಪಕ್ಕದಲ್ಲಿಟ್ಟುಕೊಂಡು ಕೂತಿದ್ದರು. ನನ್ನ ಗಂಡನನ್ನು ಅಣಿ ಮಾಡಲು ಮನೆಯೊಳಗೆ ಕರೆದುಕೊಂಡು ಹೋದರು. ನಾನು ಮನೆ ನೋಡಲು ಬಂದವರ ಹಿಂದೆ ಸೇರಿಕೊಂಡೆ.

ಸೀತಾಲಕ್ಷ್ಮಿ ಮೇಡಂ ಎಲ್ಲವನ್ನೂ ತೋರಿಸುತ್ತ ಮುಂದೆ ಹೋಗುತ್ತಿದ್ದರು. "ಎರಡು ಶತಮಾನದ ಹಿಂದೆ ಇಲ್ಲೆಲ್ಲ ದಟ್ಟ ಕಾಡು. ಹುಲಿ, ಕಾಡುಹಂದಿ. ಈ ಕುಟುಂಬದ ಮೂಲಪುರುಷರು ಒಬ್ಬರೇ ಬಂದು ಕಾಡು ಕಡಿದು, ಕೆರೆ ಕಟ್ಟಿ, ಮೊದಲ ನೇಗಿಲು ಹೂಡಿದರು. ಅವರು ನಿಜವಾದ ಪಯನಿಯರ್ಸ್," ಅಂದರು. ಗೋಡೆಯ ಮೇಲೆ ಒಂದು ಕೊಡಲಿ ತೂಗುಹಾಕಿದ್ದರು. ಅದರ ಕೆಳಗೆ ಮೂಲಪುರುಷರ ಕೊಡಲಿ ಅಂತ ಬರೆದಿತ್ತು.

ಒಬ್ಬರೇ! ಒಬ್ಬನೇ ಗೌಡ ಕಾಡು ಕಡಿದು, ಒಬ್ಬನೇ ಕೆರೆ ತೋಡಿ, ಒಬ್ಬನೇ ಏರಿಗೆ ಮಣ್ಣು ಹೊತ್ತನಂತೆ. ನಮ್ಮ ಮಾವ ಹೇಳುತ್ತಿದ್ದರು, ಹುಲಿ ಕಾಟಕ್ಕೆ ಬೇಲಿಯಾಚೆ ಮಲಗಿಸುತ್ತಿದ್ದದ್ದು ನಮ್ಮವರನ್ನು, ಬೇಲಿಯೊಳಗೆ ಮಲಗುತ್ತಿದ್ದವರು ಅವರು ಅಂತ. ಆ ಕೊಡಲಿ ಹಿಡಿದ ಕೈಗಳೆಲ್ಲ ಹೊಂಗೆ ಮರದಾಚೆ ಮಣ್ಣಾಗಿವೆ. ನನಗೆ ಅಂಗಾಲಿನ ಉರಿ ನೆತ್ತಿಗೇರಿತು.

ಮುಂದೆ ಕೊಟ್ಟಿಗೆ. ಕೊಟ್ಟಿಗೆಯ ಪಕ್ಕದ ಕಲ್ಲುಚಪ್ಪಡಿಗೆ ಕುಂಕುಮ ಹಚ್ಚಿ, ಹೂವಿಟ್ಟಿದ್ದರು. "ಇದು ಅನ್ನದಾನದ ಜಗಲಿ," ಅಂದರು ಮೇಡಂ. "ಕೆಲಸದವರಿಗೆಲ್ಲ ಇಲ್ಲೇ ಪ್ರೀತಿಯಿಂದ ಬಡಿಸ್ತಾ ಇದ್ರಂತೆ."

"ಬಡಿಸ್ತಿರಲಿಲ್ಲ ಮೇಡಂ," ಅಂದೆ. "ಮೇಲಿಂದ ಎಸೀತಿದ್ರು. ಮುದ್ದೆ ಎಸೆದ್ರೆ ನಮ್ಮತ್ತೆ ಸೆರಗು ಒಡ್ಡಿ ಹಿಡ್ಕೊತಿದ್ರು. ನೀರು ಎತ್ತಿ ಹುಯ್ತಿದ್ರು, ಬೊಗಸೆ ಒಡ್ಡಬೇಕಿತ್ತು. ನಾನೂ ಒಡ್ಡಿದೀನಿ. ಅದನ್ನೂ ಬೋರ್ಡಲ್ಲಿ ಬರೀರಿ."

ಮೇಡಂ ಮುಖ ಕೆಂಪಾಯಿತು. "ಖಂಡಿತ ಬರೆಯೋಣಮ್ಮ, ಆಮೇಲೆ ಬಂದು ನನಗೆ ಹೇಳಿ," ಅಂತ ಬೇಗ ಬೇಗ ಮುಂದಿನ ಕೋಣೆಗೆ ಹೋದರು. ಕೆಟ್ಟ ಹೆಂಗಸಲ್ಲ ಪಾಪ. ಯಾರೋ ಹೇಳಿದ್ದನ್ನು ನಂಬಿಕೊಂಡಿದ್ದರು. ನನಗಂತೂ ಇನ್ನು ಒಳಗೆ ಉಸಿರಾಡಲಾಗಲಿಲ್ಲ, ಹಿತ್ತಲ ಬಾಗಿಲಿನಿಂದ ಹೊರಗೆ ಬಂದೆ.

ಅಲ್ಲಿ ನೋಡಿದರೆ ನೆಲದ ಮೇಲೆ ಸುಣ್ಣದ ಗೆರೆ. ಗೂಟ ನೆಟ್ಟು, ದಾರ ಕಟ್ಟಿ, ಸೈಜುಗಲ್ಲು ರಾಶಿ ಹಾಕಿದ್ದರು. ಗೆರೆ ಹೊಂಗೆ ಮರದ ಈಚೆ ನಿಂತಿರಲಿಲ್ಲ. ಮರ ದಾಟಿ, ನಮ್ಮ ಮಣ್ಣಿನ ದಿಬ್ಬಗಳನ್ನೆಲ್ಲ ಬಳಸಿಕೊಂಡು, ಆ ತುದಿಯಿಂದ ತಿರುಗಿ ಬಂದಿತ್ತು. ಗಾರೆ ಕೆಲಸದ ಪಿಳ್ಳಪ್ಪ ಬಕೆಟ್ಟಿನಲ್ಲಿ ನೀರಿಟ್ಟುಕೊಂಡು ಬೀಡಿ ಸೇದುತ್ತಿದ್ದ.

"ಏನು ಗೆರೆ ಇದು ಪಿಳ್ಳಪ್ಪಾ?"

"ಕಾಂಪೌಂಡ್‌ಗೆ ಅಕ್ಕಾ. ನಿಮ್ ಯಜಮಾನ್ರು ಇದರ ಮೇಲೆ ನಡೆದ್ಮೇಲೆ ಪಾಯ ತೆಗೀರಿ ಅಂದವ್ರೆ ಗೌಡ್ರು."

"ಒಳಗೆ ನಮ್ಮೋರ ಗುಣಿಗಳವೆ, ಕಣ್ಣು ಕಾಣಲ್ವಾ?"

"ನಂಗೇನು ಗೊತ್ತಕ್ಕಾ, ಅದನ್ನೆಲ್ಲ ಮಟ್ಟ ಮಾಡಿಸಿ ಬರೋರ ಕಾರು ನಿಲ್ಸೋಕೆ ಜಾಗ ಮಾಡ್ತಾರಂತೆ." ಅವನು ಬೀಡಿ ಎಸೆದು ಮುಖ ಆಚೆ ತಿರುಗಿಸಿದ.

ಆಗ ನನಗೆ ಅರ್ಥವಾಯಿತು. ಆಟವಂತೆ ಆಟ! ಆಟಕ್ಕೆ ಯಾರಾದರೂ ಸುತ್ತಲಿನ ಊರಿನ ಯಜಮಾನರನ್ನೆಲ್ಲ ಕರೆಸಿ ಕೂರಿಸುತ್ತಾರೆಯೇ? ಅಳೆಯುವ ಆಫೀಸರನ್ನು ಮುಂದಿನ ಸಾಲಿನಲ್ಲಿಡುತ್ತಾರೆಯೇ? ಕುಲವಾಡಿ ಮಣ್ಣು ಹೊತ್ತು ಎಲ್ಲರ ಕಣ್ಣೆದುರಿಗೆ ಈ ಗೆರೆ ಸುತ್ತಿ ಬಂದರೆ ಮುಗಿಯಿತು. ನಾಳೆ ನಾವು ಬಾಯಿ ಬಡಿದುಕೊಂಡರೂ, ನಿಮ್ಮವನೇ ನಡೆದ ಗಡಿ ಕಣಯ್ಯಾ ಅನ್ನುತ್ತಾರೆ. ನಮ್ಮ ಕೈಯಿಂದಲೇ ನಮ್ಮ ಕಣ್ಣಿಗೆ ಚುಚ್ಚಿಸುವ ಬುದ್ಧಿ.

ಅಷ್ಟರಲ್ಲಿ ಪೇಟೆಯಿಂದ ಕರೆಸಿದ್ದ ವಾದ್ಯದವರು ಬಾರಿಸುತ್ತ ಹೊರಟೇಬಿಟ್ಟರು. ಹಿಂದೆ ಇವನು. ಮೈಮೇಲೆ ಹೊಸ ಕಂಬಳಿ, ತಲೆಯ ಮೇಲೆ ದೊಡ್ಡ ಉಂಡೆ. ತಲೆ ಮೇಲೆ ಮಣ್ಣಿಟ್ಟುಕೊಂಡವನು ಕೆಳಗೆ ನೋಡುವ ಹಾಗಿಲ್ಲ, ಕತ್ತು ನೆಟ್ಟಗಿಟ್ಟು ನಡೆಯಬೇಕು. ಮೊದಲೆಲ್ಲ ಕುಲವಾಡಿಯೇ ಮುಂದೆ, ವಾದ್ಯ ಹಿಂದೆ. ಇಲ್ಲಿ ವಾದ್ಯದವರನ್ನು ಮುಂದೆ ಬಿಟ್ಟು, ಅವರಿಗೆ ಸುಣ್ಣದ ಗೆರೆ ತೋರಿಸಿದ್ದರು. ಇವನು ಸದ್ದು ಹೋದ ಕಡೆ ಹೋಗುತ್ತಿದ್ದ. ಹಿಂದೆ ಯಜಮಾನರೆಲ್ಲ ಚಪ್ಪಲಿ ಬಿಟ್ಟು ನಡೆಯುತ್ತಿದ್ದರು. ಅವರು ಆಟ ಅಂದುಕೊಂಡಿರಲಿಲ್ಲ, ಕೈಮುಗಿದುಕೊಂಡಿದ್ದರು.

ನಾನು ಓಡಿದೆ. "ನಿಂತ್ಕಳಯ್ಯಾ! ಎಲ್ಲಿಗೆ ಹೋಗ್ತಿದೀಯಾ?" ಅಂತ ಕೂಗಿದೆ. ಆ ಗದ್ದಲದಲ್ಲಿ ಅವನಿಗೇನು ಕೇಳೀತು? ಹೊಂಗೆ ಮರ ದಾಟಿಯೇಬಿಟ್ಟ. ಮಣ್ಣು ಹೊತ್ತವನನ್ನು ಮುಟ್ಟಿದರೆ ಮನೆಗೆ ಕೇಡು ಅಂತ ನನ್ನತ್ತೆ ಹೇಳಿಕೊಟ್ಟದ್ದು ತಲೆಯಲ್ಲಿತ್ತು. ಕಾಲು ಒಂದು ಸಲ ತಡೆಯಿತು ಕೂಡ. ಆಮೇಲೆ, ಕೇಡಾದರೆ ಆಗಲಿ, ಇದಕ್ಕಿಂತ ಇನ್ಯಾವ ಕೇಡು ಅಂತ ಹಾರಿ ಆ ಉಂಡೆಯನ್ನು ಕೈಯಿಂದ ಬಡಿದು ಕೆಡವಿದೆ.

ಅದು ಸೈಜುಗಲ್ಲಿನ ಮೇಲೆ ಬಿತ್ತು. ಒಡೆಯಲಿಲ್ಲ. ಟಕ್ಕಂತ ಸದ್ದು ಮಾಡಿ ಉರುಳಿಕೊಂಡು ಹೋಯಿತು. ಅಂಚಿನಲ್ಲಿ ಚಕ್ಕೆ ಎದ್ದು ಒಳಗೆ ಬೆಳ್ಳಗೆ ಕಾಣಿಸಿತು.

ವಾದ್ಯ ನಿಂತಿತು. ತಿಮ್ಮರಾಯಪ್ಪ ಪೇಟ ಸರಿಮಾಡಿಕೊಳ್ಳುತ್ತ ಓಡಿಬಂದ. "ಏ ಅಂಕೀ! ಮಣ್ಣು ಹೊತ್ತೋನ್ನ ತಡೀತೀಯೇನೇ? ಬುದ್ಧಿ ನೆಟ್ಟಗೈತಾ ನಿಂಗೆ?"

"ಮಣ್ಣೆಲ್ಲೈತೆ ಗೌಡ್ರೆ ಇದ್ರಲ್ಲಿ? ತೋರ್ಸಿ!"

ಯಜಮಾನರಲ್ಲಿ ಹಿರಿಯರಾದ ರಾಮಯ್ಯನವರು ಅದನ್ನು ಎತ್ತಿ, ಉಗುರಿನಿಂದ ಕೆರೆದು ನೋಡಿದರು. ಸೀತಾಲಕ್ಷ್ಮಿ ಮೇಡಂ ಗಾಬರಿಯಿಂದ, "ಅದು ಪ್ಲಾಸ್ಟರ್‌ದು. ಫೋಟೋ ತೆಗೆಯುವಾಗ ಒಡೆದುಹೋದ್ರೆ ಕಷ್ಟ ಅಂತ ತಿಮ್ಮರಾಯಪ್ಪನವರೇ ಗೊಂಬೆ ಮಾಡೋರ ಹತ್ರ ಮಾಡಿಸಿದ್ರು. ಬರೀ ಡೆಮೋ ಅಲ್ವಾ?" ಅಂದರು.

ನಾನು ಇವನ ಕಡೆ ತಿರುಗಿದೆ. "ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ಕಣೇ. ಗೊಂಬೆ ಅಂತಾನೇ ನಾನು ಹೊತ್ಕಂಡಿದ್ದು. ಉಪವಾಸನೂ ಮಾಡ್ಲಿಲ್ಲ. ಗೊಂಬೆ ಹೊತ್ರೆ ಆಣೆ ಆಗುತ್ತಾ?"

"ಹಿಂದೆ ಕೈಮುಗಿದ್ಕಂಡು ಬಂದೋರಿಗೆ ಗೊತ್ತಿತ್ತೇನಯ್ಯಾ ಗೊಂಬೆ ಅಂತ? ಕೆಳಗೆ ನೋಡು. ಎಲ್ಲಿ ನಿಂತಿದೀಯಾ ನೋಡು."

ಅವನು ನೋಡಿದ. ಬಲಗಾಲು ನಮ್ಮ ಮಾವನ ಗುಣಿಯ ಮೇಲಿತ್ತು. ಬೆಂಕಿ ತುಳಿದವನ ಹಾಗೆ ಹಿಂದಕ್ಕೆ ಹಾರಿ, ಕಂಬಳಿ ಕಿತ್ತೆಸೆದು, ಅಲ್ಲೇ ಕುಕ್ಕರಿಸಿ ಕೂತು ಅಳುವುದಕ್ಕೆ ಶುರುಮಾಡಿದ. ನನಗೆ ಅವನ ಮೇಲೂ ಸಿಟ್ಟು ಬಂತು. ಅಳುವುದಕ್ಕೆ ಅದು ಹೊತ್ತಾಗಿರಲಿಲ್ಲ.

ಯಾಕೆಂದರೆ ತಿಮ್ಮರಾಯಪ್ಪ ಆಫೀಸರ ಹತ್ತಿರ ಹೋಗಿ ಆಗಲೇ ಹೇಳುತ್ತಿದ್ದ. "ಗೊಂಬೇನೋ ಮಣ್ಣೋ, ಗೆರೆ ಅಂತೂ ಇದೇ ಸಾರ್. ನಮ್ಮ ತಾತನ ಕಾಲದಿಂದ್ಲೂ ಇದೇ. ಇವ್ರು ಅಲ್ಲೊಬ್ರನ್ನ ಇಲ್ಲೊಬ್ರನ್ನ ಹೂಳ್ಕಳ್ಳಲಿ ಪಾಪ ಅಂತ ನಾವೇ ಬಿಟ್ಟಿದ್ವಿ. ಬೆರಳು ಕೊಟ್ರೆ ಹಸ್ತ ನುಂಗೋ ಜನ."

ಬೆರಳು ಕೊಟ್ಟನಂತೆ! ನನ್ನ ಮಗಳ ದಿಬ್ಬದ ಹತ್ತಿರ ಕೂತು ಎರಡು ಕೈಯಲ್ಲೂ ಮಣ್ಣು ಬಗೆದೆ. ಪಿಳ್ಳಪ್ಪನ ಬಕೆಟ್ಟಿನಿಂದ ನೀರು ಹುಯ್ದುಕೊಂಡು, ಮುದ್ದೆ ಕಟ್ಟುವ ಹಾಗೆ ತಿರುವಿ ತಿರುವಿ ಉಂಡೆ ಕಟ್ಟಿದೆ. ಅದನ್ನು ಎತ್ತಿಕೊಂಡು ಹೋಗಿ ತಿಮ್ಮರಾಯಪ್ಪನ ಎದುರಿಗೆ ನಿಂತೆ.

"ಗಡಿ ನಿಮ್ದೇ ಅಂದ್ರಲ್ಲ ಗೌಡ್ರೆ. ಇದು ಅಲ್ಲೀದೇ ಮಣ್ಣು. ಪೇಟ ತೆಗೀರಿ, ಇದನ್ನ ಹೊತ್ಕಳಿ. ಅದೇ ಸುಣ್ಣದ ಗೆರೆ ಮೇಲೆ ಒಂದು ಸುತ್ತು ಬನ್ನಿ. ಬಂದ್ರೆ ನಿಮ್ಮ ಪಾಯಕ್ಕೆ ನಾನೇ ಕಲ್ಲು ಹೊರ್ತೀನಿ."

"ನಾನು ಹೊರೋದಾ?" ಅಂತ ನಗಲು ನೋಡಿದ. "ಅದು ನಿಮ್ಮ ಕಸುಬು ಕಣಮ್ಮಾ."

"ನಮ್ಮ ಕಸುಬು ಗೊಂಬೆಗೆ ಕೊಟ್ಟು ಆಯ್ತಲ್ಲ. ಈಗ ನೀವು ಹೊರ್ರಿ."

ಯಾರೂ ಅವನ ಪರವಾಗಿ ಮಾತಾಡಲಿಲ್ಲ. ಆಫೀಸರು ಕೈ ಕಟ್ಟಿ ನಿಂತು ನೋಡುತ್ತಿದ್ದರು. ರಾಮಯ್ಯನವರು ಆ ಪ್ಲಾಸ್ಟರ್ ಉಂಡೆಯನ್ನು ಕೆಳಗಿಟ್ಟು, ಕೈ ಕೊಡವಿಕೊಂಡು, "ಹೊತ್ಕಳಪ್ಪಾ ತಿಮ್ಮರಾಯಾ. ನಿಂದೇ ಜಾಗ ಅಂದ್ಮೇಲೆ ಭಯ ಏನು? ನಾವೆಲ್ಲ ಹಿಂದೆ ಬರ್ತೀವಿ," ಅಂದರು.

ತಿಮ್ಮರಾಯಪ್ಪ ಸುತ್ತ ನೋಡಿದ. ಪೇಟಕ್ಕೆ ಕೈಹಾಕಿದ, ಮತ್ತೆ ಕೈ ತೆಗೆದ. ಆಗ ನನಗೆ ಹೊಳೆಯಿತು. ಈ ಗೌಡ ಒಡೆಯದ ಉಂಡೆ ಮಾಡಿಸಿದ್ದು ಫೋಟೋಗಲ್ಲ. ನಿಜವಾದ ಮಣ್ಣು ಒಡೆಯುತ್ತದೆ ಅಂತ ಅವನಿಗೆ ನಂಬಿಕೆ ಇತ್ತು. ನಮಗಿಂತ ಹೆಚ್ಚಾಗಿಯೇ ಇತ್ತು. ಹಣೆಯ ಮೇಲೆ ಬೆವರು ಹರಿಯುತ್ತಿತ್ತು. ಆದರೂ ಮರ್ಯಾದೆಯ ಪ್ರಶ್ನೆ, ಇಷ್ಟು ಜನ ನೋಡುತ್ತಿದ್ದಾರೆ. ಪೇಟ ತೆಗೆದು, ಹಲ್ಲು ಕಚ್ಚಿಕೊಂಡು ತಲೆ ಬಗ್ಗಿಸಿದ. ನಾನು ಉಂಡೆ ಎತ್ತಿದೆ.

"ಬ್ಯಾಡ ಕಣೋ ತಿಮ್ಮಾ!"

ಸೊಣ್ಣಮ್ಮ. ಕುರ್ಚಿಯಿಂದ ಎದ್ದು, ಕೋಲು ಬಿಟ್ಟು, ಎಡವುತ್ತ ಬರುತ್ತಿದ್ದರು. "ಹೊರಬ್ಯಾಡ ಕಣಪ್ಪಾ, ನಿನ್ನ ಕಾಲಿಗೆ ಬೀಳ್ತೀನಿ! ಮೊಮ್ಮಕ್ಕಳವೆ ನಂಗೆ! ಅದು ಅವ್ರ ಜಾಗವೇ ಕಣೋ, ನಿಮ್ಮಪ್ಪನೂ ಮರ ದಾಟಿ ನೇಗಿಲು ಹಾಕಿದವರಲ್ಲ. ಬಿಟ್ಬುಡು!"

ಅಷ್ಟು ಜನಕ್ಕೂ ಕೇಳಿಸಿತು. ತಿಮ್ಮರಾಯಪ್ಪ ಬಗ್ಗಿಸಿದ ತಲೆಯನ್ನು ಮೇಲೆತ್ತಲಿಲ್ಲ, ಪೇಟ ಕೈಯಲ್ಲೇ ಹಿಡಿದು ಮನೆಯೊಳಗೆ ಹೋದ. ಆಫೀಸರು ಪಿಳ್ಳಪ್ಪನನ್ನು ಕರೆದು, ಮರದ ಈಚೆಗೆ ದಾರ ಕಟ್ಟಪ್ಪಾ ಅಂದರು. ಗೂಟ ಕೀಳುವ ಸದ್ದು ಕೇಳಿಸಿತು. ನಮ್ಮ ಕೇರಿಯವರು ಕೂಗಾಡಿದರು, ಗೆದ್ದೆ ಅಕ್ಕಾ ಅಂದರು. ನನಗೆ ಗೆದ್ದ ಹಾಗೇನೂ ಅನಿಸಲಿಲ್ಲ. ಎದೆ ಇನ್ನೂ ಉರಿಯುತ್ತಲೇ ಇತ್ತು.

ಸೊಣ್ಣಮ್ಮ ಬಂದು ನನ್ನ ಕೆಸರು ಕೈ ಹಿಡಿದುಕೊಂಡರು. ನನ್ನನ್ನು ಅವರು ಮುಟ್ಟಿದ್ದು ಅದೇ ಮೊದಲು. "ಅಂಕಮ್ಮಾ, ಮಣ್ಣು ಕೆಳಗಿಳಿಸವ್ವಾ. ನಮ್ಮ ಮನೆಗೆ ಶಾಪ ಹಾಕಬ್ಯಾಡ."

"ಅದು ನಮ್ಮ ಜಾಗ ಅಂತ ನಿಮಗೆ ಗೊತ್ತಿತ್ತಲ್ಲ ಅಮ್ಮಾ?"

"ಗೊತ್ತಿತ್ತು ಕಣವ್ವಾ."

"ನನ್ನ ಮಗು ಹೋದಾಗ, ಸುತ್ತೋಕೆ ಅಂತ ನೀವೇ ಒಂದು ಹಳೇ ಸೀರೆ ಕಳಿಸಿದ್ರಿ."

"ಹೂಂ."

"ಆ ಮಗು ಮೇಲೆ ಕಾರು ನಿಲ್ಲಿಸ್ತೀವಿ ಅಂತ ನಿಮ್ಮ ಮಗ ಮನೆಯಲ್ಲಿ ಹೇಳಿದಾಗ ಯಾಕೆ ಬಾಯಿ ಬಿಡ್ಲಿಲ್ಲ?"

ಮುದುಕಿ ಕುರ್ಚಿಯ ಹತ್ತಿರ ಹೆದರಿ ನಿಂತಿದ್ದ ಮೊಮ್ಮಕ್ಕಳ ಕಡೆ ತಿರುಗಿ ನೋಡಿದರು. ಉತ್ತರ ಅಷ್ಟೇ ಇತ್ತು. ನಮ್ಮ ಸತ್ತವರಿಗಾಗಿ ತೆರೆಯದ ಬಾಯಿ ತನ್ನ ಮೊಮ್ಮಕ್ಕಳು ಸತ್ತಾರೆಂದು ತೆರೆದಿತ್ತು.

"ನನ್ನ ಯಲ್ಲಿಗೂ ಒಬ್ಬಳು ಅಜ್ಜಿ ಇದ್ದಳು ಕಣಮ್ಮಾ," ಅಂದೆ.

ಸೊಣ್ಣಮ್ಮ ನನ್ನ ಕೈ ಬಿಟ್ಟರು.